ಫೋರ್ ವೀಲ್ ಡ್ರೈವ್ ಗಾಡಿಯ ಮೈಲೇಜ್ ಬಿದ್ದರೆ ಎಲ್ಲಿಂದ ಹುಡುಕಬೇಕು?

ಮೈಲೇಜ್ ಬಿತ್ತು ಅಂದ ತಕ್ಷಣ ಎಲ್ಲರ ಕೈ ಹೋಗುವುದು ಬಾನೆಟ್ ಕಡೆಗೆ. ಇಂಜೆಕ್ಟರ್ ಕ್ಲೀನ್ ಮಾಡಿಸು, ಪ್ಲಗ್ ಬದಲಿಸು, ಟ್ಯಾಂಕಿಗೆ ಒಂದು ಬಾಟಲಿ ಅಡಿಟಿವ್ ಸುರಿ. ಸಾಮಾನ್ಯ ಕಾರಿನಲ್ಲಿ ಇದರಿಂದ ಒಮ್ಮೊಮ್ಮೆ ಪ್ರಯೋಜನವಾದೀತು. ಕಾಡು, ಕೆಸರು, ಮರಳು ತುಳಿಯುವ ಗಾಡಿಯಲ್ಲಿ ನನ್ನ ಅನುಭವ ಬೇರೆ. ಇಲ್ಲಿ ಇಂಧನ ಪೋಲಾಗುವುದು ಹೆಚ್ಚಾಗಿ ಚಕ್ರದ ಹತ್ತಿರ, ಛಾವಣಿಯ ಮೇಲೆ, ಇಲ್ಲವೇ ನಾವು ಬರೆದಿಟ್ಟ ಲೆಕ್ಕದಲ್ಲೇ. ಎಂಜಿನ್ ಸರದಿ ಬರುವುದು ಅದಾದ ಮೇಲೆ. ಹಾಗಾಗಿ ಈ ಕೈಪಿಡಿ ಕಾಸು ಖರ್ಚಿಲ್ಲದ ಪರೀಕ್ಷೆಗಳಿಂದ ಶುರುವಾಗಿ, ಸ್ಪ್ಯಾನರ್ ಹಿಡಿಯುವ ಕೆಲಸವನ್ನು ಆದಷ್ಟು ಹಿಂದಕ್ಕೆ ತಳ್ಳುತ್ತದೆ.

ಮೊದಲು, ಮೈಲೇಜ್ ನಿಜವಾಗಿಯೂ ಬಿದ್ದಿದೆಯೇ?

ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯನ್ನು ಬದಿಗಿಡಿ. ಅದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಕಟ್ಟಿದ ಅಂದಾಜು. ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಲೆಕ್ಕ ಹಾಕುವುದೇ ಸರಿಯಾದ ದಾರಿ. ನಾಜಲ್ ಮೊದಲ ಸಲ ತಾನಾಗಿ ಕಟ್ ಆದಾಗ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ, ಟ್ಯಾಂಕ್ ಮುಕ್ಕಾಲು ಖಾಲಿಯಾಗುವವರೆಗೆ ಓಡಿಸಿ, ಅದೇ ಪಂಪ್‌ನಲ್ಲಿ, ಗಾಡಿಯನ್ನು ಅದೇ ದಿಕ್ಕಿಗೆ ನಿಲ್ಲಿಸಿ ಮತ್ತೆ ತುಂಬಿಸಿ. ದಿಕ್ಕಿನ ಮಾತೇಕೆ ಅಂದರೆ, ಈ ಗಾಡಿಗಳ ಟ್ಯಾಂಕ್ ದೊಡ್ಡದು, ಅಗಲವಾದದ್ದು. ನೆಲ ಒಂದಿಷ್ಟು ವಾಲಿದ್ದರೂ ಒಂದೆರಡು ಲೀಟರ್ ಆಚೀಚೆ ಆಗುತ್ತದೆ. 20 ಲೀಟರ್ ಮಾತ್ರ ಹಾಕಿಸಿ ಲೆಕ್ಕ ಮಾಡಿದರೆ ಆ 2 ಲೀಟರ್ ಅಂದರೆ ಶೇ 10ರ ತಪ್ಪು. ಮೂರು ಸಲ ತುಂಬಿಸಿ ಒಟ್ಟು 180 ಲೀಟರ್‌ಗೆ ಲೆಕ್ಕ ಹಾಕಿದರೆ ಅದೇ 2 ಲೀಟರ್ ಶೇ 1ರ ಆಸುಪಾಸಿಗೆ ಇಳಿಯುತ್ತದೆ. ಒಂದೇ ಟ್ಯಾಂಕಿನ ಅಂಕಿ ನೋಡಿ ಗಾಬರಿಯಾಗಬೇಡಿ.

ಇನ್ನೊಂದು ಎಚ್ಚರಿಕೆ. ಟ್ರೈಲ್‌ಗೆ ಹೋದ ವಾರದ ಟ್ಯಾಂಕನ್ನು ಈ ಲೆಕ್ಕಕ್ಕೆ ಸೇರಿಸಲೇಬಾರದು. ಫೋರ್ ಲೋ (ನಾಲ್ಕೂ ಚಕ್ರಕ್ಕೆ ಶಕ್ತಿ, ನಿಧಾನದ ಗೇರ್) ಹಾಕಿ ಕಲ್ಲುಬಂಡೆಗಳ ಮೇಲೆ ತೆವಳುವಾಗ ಗಂಟೆಗೆ ಐದು ಕಿ.ಮೀ. ಸಾಗಿದರೆ ಹೆಚ್ಚು. ಅಲ್ಲಿ ಲೀಟರ್‌ಗೆ ಎಷ್ಟು ಕಿ.ಮೀ. ಎಂದು ಕೇಳುವುದಕ್ಕೆ ಅರ್ಥವೇ ಇಲ್ಲ, ಗಂಟೆಗೆ ಎಷ್ಟು ಲೀಟರ್ ಎಂದು ಕೇಳಬೇಕು. ಎ.ಸಿ. ಹಾಕಿಕೊಂಡು ನಿಂತಲ್ಲೇ ಎಂಜಿನ್ ಓಡಿಸಿದರೂ ಈ ಗಾತ್ರದ ಗಾಡಿ ಗಂಟೆಗೆ ಒಂದು ಲೀಟರ್‌ನ ಆಸುಪಾಸು ಕುಡಿಯುತ್ತದೆ.

ದೊಡ್ಡ ಟೈರ್ ಹಾಕಿಸಿದ್ದೀರಾ?

ಹೌದಾದರೆ ನಿಮ್ಮ ಓಡೋಮೀಟರ್ ಸುಳ್ಳು ಹೇಳುತ್ತಿದೆ. 245/75 ಆರ್ 16 (ಅಗಲ 245 ಮಿ.ಮೀ., ಬದಿಯ ಎತ್ತರ ಅದರ ಶೇ 75, ರಿಮ್ 16 ಇಂಚು) ಟೈರ್‌ನ ವ್ಯಾಸ ಸುಮಾರು 774 ಮಿ.ಮೀ. ಅದರ ಜಾಗದಲ್ಲಿ 265/75 ಆರ್ 16 ಹಾಕಿದರೆ 804 ಮಿ.ಮೀ. ಅಂದರೆ ಚಕ್ರ ಒಂದು ಸುತ್ತು ಹಾಕಿದಾಗ ಗಾಡಿ ಶೇ 3.9ರಷ್ಟು ಹೆಚ್ಚು ದೂರ ಹೋಗಿರುತ್ತದೆ, ಮೀಟರ್‌ಗೆ ಮಾತ್ರ ಅದು ತಿಳಿಯುವುದಿಲ್ಲ. ಮೀಟರ್ 620 ಕಿ.ಮೀ. ತೋರಿಸಿದಾಗ ನೀವು ನಿಜಕ್ಕೂ ಓಡಿಸಿದ್ದು 644 ಕಿ.ಮೀ. 68 ಲೀಟರ್ ಹಾಕಿಸಿದ್ದರೆ ಮೀಟರ್ ಲೆಕ್ಕದಲ್ಲಿ ಲೀಟರ್‌ಗೆ ಸಿಗುವುದು 9.1 ಕಿ.ಮೀ., ನಿಜವಾದದ್ದು ಸುಮಾರು 9.5. ಇನ್ನೂ ಮುಂದೆ ಹೋಗಿ 285/75 ಹಾಕಿಸಿದವರಿಗೆ ಈ ವ್ಯತ್ಯಾಸ ಶೇ 7.8. 'ಟೈರ್ ಬದಲಿಸಿದ ಮೇಲೆ ಮೈಲೇಜ್ ಹೋಯ್ತು' ಎಂಬ ದೂರಿನಲ್ಲಿ ಅರ್ಧ ಭಾಗ ಇಲ್ಲೇ ಕರಗಿಹೋಗುವುದನ್ನು ಕಂಡಿದ್ದೇನೆ. ಫೋನಿನ ಜಿಪಿಎಸ್ ಹಾಕಿ 50 ಕಿ.ಮೀ. ಓಡಿಸಿ ಮೀಟರ್ ಜೊತೆ ಹೋಲಿಸಿದರೆ ನಿಮ್ಮ ಗಾಡಿಯ ಗುಣಕ ಸಿಗುತ್ತದೆ. ಹೋಲಿಸಬೇಕಾದದ್ದು ಓಡೋಮೀಟರನ್ನು, ಸ್ಪೀಡೋಮೀಟರನ್ನಲ್ಲ. ಸ್ಪೀಡೋಮೀಟರ್ ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುವಂತೆ ಕಾರ್ಖಾನೆಯಿಂದಲೇ ಬಂದಿರುತ್ತದೆ.

ಉಳಿದರ್ಧ ನಿಜವಾದ ನಷ್ಟ. ಕೆಸರಿಗೆಂದೇ ಮಾಡಿದ ಮಡ್ ಟೆರೈನ್ ಟೈರ್‌ನ ದಪ್ಪ ರಬ್ಬರ್ ಗಟ್ಟಿಗಳು ಪ್ರತಿ ಸುತ್ತಿಗೂ ಬಾಗಿ, ಬಿಸಿಯಾಗಿ ಶಕ್ತಿ ತಿನ್ನುತ್ತವೆ. ಟೈರ್ ಭಾರ ಬೇರೆ. ಜೊತೆಗೆ, ಎತ್ತರದ ಟೈರ್ ಗೇರ್ ಅನುಪಾತವನ್ನೂ ಬದಲಿಸಿಬಿಡುತ್ತದೆ. 3.73ರ ಆಕ್ಸಲ್ (ಪ್ರೊಪೆಲ್ಲರ್ ಶಾಫ್ಟ್ 3.73 ಸುತ್ತು ಹಾಕಿದರೆ ಚಕ್ರ ಒಂದು ಸುತ್ತು) ಇದ್ದ ಗಾಡಿಗೆ ಶೇ 7.8 ಹೆಚ್ಚು ಎತ್ತರದ ಟೈರ್ ಹಾಕಿದರೆ ಅದು 3.46ರ ಆಕ್ಸಲ್‌ನಂತೆ ನಡೆದುಕೊಳ್ಳುತ್ತದೆ. ಸಣ್ಣ ಏರಿಗೂ ಟಾಪ್ ಗೇರ್ ಹಿಡಿಯದೆ ಗಾಡಿ ಮೇಲೆ ಕೆಳಗೆ ಗೇರ್ ಬದಲಿಸುತ್ತಿದ್ದರೆ ದೋಷ ಎಂಜಿನ್ನಿನದಲ್ಲ, ಅನುಪಾತದ್ದು.

ಗಾಡಿ ಉರುಳಿಸಿ ನೋಡುವುದು

ಇಡೀ ಕೈಪಿಡಿಯಲ್ಲಿ ನನಗೆ ಅತಿ ಇಷ್ಟದ ಪರೀಕ್ಷೆ ಇದು. ಸಂಚಾರವಿಲ್ಲದ, ಸಮತಟ್ಟಾದ, ನೇರ ರಸ್ತೆ ಬೇಕು. ಅರ್ಧ ಗಂಟೆ ಓಡಿಸಿ ಗೇರ್‌ಬಾಕ್ಸ್, ಡಿಫರೆನ್ಶಿಯಲ್‌ಗಳ (ಎರಡು ಬದಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ, ಚಿಕ್ಕದಾಗಿ ಡಿಫ್) ಆಯಿಲ್ ಬಿಸಿಯಾದ ಮೇಲೆ, 60 ಕಿ.ಮೀ. ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ. ಎಂಜಿನ್ ಆಫ್ ಮಾಡಬೇಡಿ. ಸ್ಟೀರಿಂಗ್, ಬ್ರೇಕ್ ಎರಡಕ್ಕೂ ಅದರ ಸಹಾಯ ಬೇಕು. 60ರಿಂದ 30ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಂದು ಪಕ್ಕದಲ್ಲಿ ಕುಳಿತವರು ಎಣಿಸಲಿ. ಅದೇ ಜಾಗದಲ್ಲಿ ಎದುರು ದಿಕ್ಕಿನಿಂದಲೂ ಮಾಡಿ ಸರಾಸರಿ ತೆಗೆಯಿರಿ. ಗಾಳಿ ಮತ್ತು ಇಳಿಜಾರಿನ ಪ್ರಭಾವ ಬಹುಪಾಲು ಹೊಡೆದುಹೋಗುತ್ತದೆ.

ಆ ಅಂಕಿಯನ್ನು ನಿಮ್ಮದೇ ಹಳೆಯ ಅಂಕಿಯೊಂದಿಗೆ, ಇಲ್ಲವೇ ಅದೇ ಮಾದರಿಯ, ಅದೇ ಟೈರ್‌ನ ಇನ್ನೊಂದು ಗಾಡಿಯೊಂದಿಗೆ ಹೋಲಿಸಿ. ಗಾಡಿ ಬೇಗ ನಿಂತರೆ ಅದನ್ನು ಏನೋ ಹಿಂದಕ್ಕೆ ಎಳೆಯುತ್ತಿದೆ: ಬ್ರೇಕ್, ಬೇರಿಂಗ್, ಟೈರ್, ಆಕ್ಸಲ್. ಮೊದಲಿನಷ್ಟೇ ಹೊತ್ತು ಉರುಳಿದರೆ, ಆದರೂ ಇಂಧನ ಹೆಚ್ಚು ಹೋಗುತ್ತಿದ್ದರೆ ಆಗ ಬಾನೆಟ್ ತೆರೆಯುವುದಕ್ಕೆ ಕಾರಣ ಸಿಕ್ಕಿತು. ಒಂದೇ ಪರೀಕ್ಷೆ ಸಂಶಯಿತರ ಪಟ್ಟಿಯನ್ನು ಅರ್ಧಕ್ಕೆ ಕತ್ತರಿಸಿಬಿಡುತ್ತದೆ. ಗಾಡಿ ಚೆನ್ನಾಗಿರುವಾಗಲೇ ಇದನ್ನು ಒಮ್ಮೆ ಮಾಡಿ ಬರೆದಿಟ್ಟುಕೊಳ್ಳಿ, ಕೆಟ್ಟಾಗ ಹೋಲಿಸಲು ಏನೂ ಇಲ್ಲದೆ ಕೈ ಹಿಸುಕಿಕೊಂಡವನ ಮಾತಿದು.

ಬೇಗ ನಿಲ್ಲುತ್ತಿದೆ ಅಂದರೆ

ಗಾಳಿಯಿಂದ ಶುರುಮಾಡಿ. ಮರಳಿಗೆ ಇಳಿಯುವಾಗ ಟೈರ್ ಗಾಳಿಯ ಒತ್ತಡವನ್ನು 18 ಪಿಎಸ್‌ಐಗೆ ಇಳಿಸಿ, ವಾಪಸ್ ಬರುವಾಗ ತುಂಬಿಸುವುದನ್ನು ಮರೆಯುವುದು ಈ ಹವ್ಯಾಸದ ಹಳೇ ರೋಗ. ಬದಿ ಎತ್ತರದ ಟೈರ್ ನೋಡುವುದಕ್ಕೆ ತುಂಬಿದಂತೆಯೇ ಕಾಣುತ್ತದೆ, ಕಣ್ಣು ನಂಬಬೇಡಿ, ಗೇಜ್ ಹಿಡಿಯಿರಿ. ನಾಲ್ಕೂ ಟೈರ್‌ಗಳಲ್ಲಿ ಸರಾಸರಿ 1 ಪಿಎಸ್‌ಐ ಕಡಿಮೆಯಾದರೆ ಶೇ 0.2ರಷ್ಟು ಇಂಧನ ಹೆಚ್ಚು ಹೋಗುತ್ತದೆ ಎನ್ನುವುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಒಂದೆರಡು ಪಿಎಸ್‌ಐಗೆ ಇದು ಗಣನೆಗೇ ಬಾರದು, ಹದಿನೈದು ಕಡಿಮೆಯಾದರೆ ಖಂಡಿತ ಬರುತ್ತದೆ. ಅದಕ್ಕಿಂತ ದೊಡ್ಡ ಭಯ, ಹೆದ್ದಾರಿ ವೇಗದಲ್ಲಿ ಗಾಳಿಯಿಲ್ಲದ ಟೈರ್ ಬಿಸಿಯಾಗಿ ಸಿಡಿಯುವುದು.

ಮುಂದಿನದು ಬ್ರೇಕ್. ಕೆಸರಿನಲ್ಲಿ ಆಡುವ ಗಾಡಿಗೆ ನನ್ನ ಮೊದಲ ಸಂಶಯ ಯಾವಾಗಲೂ ಇದರ ಮೇಲೆಯೇ. ಇಪ್ಪತ್ತು ಕಿ.ಮೀ. ಓಡಿಸಿ, ಕೊನೆಯ ಎರಡು ಕಿ.ಮೀ. ಬ್ರೇಕ್ ಮುಟ್ಟದೆ ಬಂದು, ಗಾಡಿಯನ್ನು ತಾನಾಗಿ ನಿಧಾನವಾಗಲು ಬಿಟ್ಟು ನಿಲ್ಲಿಸಿ. ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನಾಲ್ಕೂ ಡಿಸ್ಕ್‌ಗಳ ಬಿಸಿ ನೋಡಿ. ಒಂದೇ ಆಕ್ಸಲ್‌ನ ಎಡ ಬಲ ಹೆಚ್ಚುಕಡಿಮೆ ಸಮ ಇರಬೇಕು. ನನ್ನ ಗಾಡಿಯಲ್ಲಿ ಒಮ್ಮೆ ಸಿಕ್ಕ ಅಂಕಿ: ಮುಂದೆ ಎಡ 58 ಡಿಗ್ರಿ, ಬಲ 61; ಹಿಂದೆ ಬಲ 49, ಎಡ 131. ಮತ್ತೊಮ್ಮೆ ಹಿಡಿದೆ, ಅದೇ ಬಂತು. ಥರ್ಮಾಮೀಟರ್ ಇಲ್ಲದಿದ್ದರೆ ಅಂಗೈಯನ್ನು ರಿಮ್‌ನಿಂದ ನಾಲ್ಕು ಬೆರಳು ದೂರ ಹಿಡಿದರೂ ವ್ಯತ್ಯಾಸ ತಿಳಿಯುತ್ತದೆ. ಮುಟ್ಟಬೇಡಿ.

ಚಕ್ರ ಕಳಚಿದಾಗ ಕಥೆ ಬಯಲಾಯಿತು. ಕ್ಯಾಲಿಪರ್ (ಡಿಸ್ಕ್ ಮೇಲೆ ಪ್ಯಾಡ್ ಒತ್ತುವ ಭಾಗ) ಜಾರುವ ಪಿನ್‌ನ ರಬ್ಬರ್ ಬೂಟು ಹರಿದಿತ್ತು. ಒಳಗೆ ನುಗ್ಗಿದ ಕೆಸರು ಒಣಗಿ ಸಿಮೆಂಟಿನಂತಾಗಿ, ಪಿನ್ ಕೈಯಲ್ಲಿ ಎಳೆದರೆ ಅಲುಗಾಡಲಿಲ್ಲ. ಒಳಗಿನ ಪ್ಯಾಡ್ ಬಿಸ್ಕತ್ತಿನಷ್ಟು ತೆಳ್ಳಗೆ ಸವೆದಿತ್ತು, ಹೊರಗಿನದು ಇನ್ನೂ ಅರ್ಧ ಉಳಿದಿತ್ತು. ಈ ಅಸಮ ಸವೆತವೇ ಪಿನ್ ಜಾಮ್ ಆಗಿದೆ ಎಂಬುದರ ಗುರುತು. ಪಿನ್ ಬದಲಿಸುವಾಗ ಸಾಧಾರಣ ಗ್ರೀಸ್ ಹಚ್ಚಬೇಡಿ, ಅದು ರಬ್ಬರನ್ನು ಉಬ್ಬಿಸಿ ಮತ್ತೆ ಜಾಮ್ ಮಾಡುತ್ತದೆ. ಬ್ರೇಕಿಗೆಂದೇ ಇರುವ ಸಿಲಿಕೋನ್ ಗ್ರೀಸ್ ಬೇಕು.

ಪಿನ್ ಚೆನ್ನಾಗಿದ್ದೂ ಚಕ್ರ ಬಿಗಿಯಾಗಿದ್ದರೆ ಹೀಗೆ ಮಾಡಿ. ಚಕ್ರವನ್ನು ಜಾಕ್ ಸ್ಟ್ಯಾಂಡ್ ಮೇಲೆ ಎತ್ತಿ, ಯಾರಾದರೂ ಬ್ರೇಕ್ ಒತ್ತಿ ಬಿಡಲಿ. ಚಕ್ರ ತಿರುಗದಿದ್ದರೆ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ದ್ರವ, ಗಾಳಿ ಹೊರಬಿಡುವ ಸಣ್ಣ ತಿರುಪು) ತುಸು ಸಡಿಲಿಸಿ. ಫಕ್ಕನೆ ದ್ರವ ಚಿಮ್ಮಿ ಚಕ್ರ ಬಿಡುಗಡೆಯಾದರೆ ಒತ್ತಡ ಮೇಲಕ್ಕೆ ವಾಪಸ್ ಹೋಗುತ್ತಿಲ್ಲ, ಒಳಗೇ ಊದಿಕೊಂಡ ಬ್ರೇಕ್ ಹೋಸ್ ಅಥವಾ ಮಾಸ್ಟರ್ ಸಿಲಿಂಡರ್ ಕಾರಣ. ಬಿಡದಿದ್ದರೆ ಪಿಸ್ಟನ್ನೇ ತುಕ್ಕು ಹಿಡಿದಿದೆ. ಹೋಸ್ ಹೊರಗಿನಿಂದ ಹೊಸದರಂತೆ ಕಾಣುವುದರಿಂದ ಎಷ್ಟೋ ಮಂದಿ ಸುಮ್ಮನೆ ಕ್ಯಾಲಿಪರ್ ಬದಲಿಸುತ್ತಾರೆ. ಬ್ಲೀಡ್ ಮಾಡಿ ಗಾಳಿ ತೆಗೆಯದೆ ಗಾಡಿ ರಸ್ತೆಗಿಳಿಸಬಾರದು ಎಂದು ಬೇರೆ ಹೇಳಬೇಕಿಲ್ಲ ತಾನೆ. ಹ್ಯಾಂಡ್ ಬ್ರೇಕ್ ಕೇಬಲ್ ಕೂಡ ಕೆಸರು ಕುಡಿದು ಹಿಂದಕ್ಕೆ ಜಾರದಿರಬಹುದು. ಹಳೆಯ ಲ್ಯಾಂಡ್ ರೋವರ್ ಡಿಫೆಂಡರ್‌ನಂಥ ಗಾಡಿಗಳಲ್ಲಿ ಹ್ಯಾಂಡ್ ಬ್ರೇಕ್ ಡ್ರಮ್ ಚಕ್ರದಲ್ಲಿಲ್ಲ, ಟ್ರಾನ್ಸ್‌ಫರ್ ಕೇಸ್‌ನ (ಗೇರ್‌ಬಾಕ್ಸ್‌ನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ ಇದೆ. ಥರ್ಮಾಮೀಟರನ್ನು ಅಲ್ಲಿಗೂ ಹಿಡಿಯಿರಿ.

ಚಕ್ರದ ಜೋಡಣೆ ನೋಡಲು ಅಂಗೈಯೊಂದು ಸಾಕು. ಟೈರ್ ಮೇಲೆ ಒಳಗಿನಿಂದ ಹೊರಗೆ, ಹೊರಗಿನಿಂದ ಒಳಗೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ತಾಗಿದರೆ ಟೋ, ಅಂದರೆ ಚಕ್ರಗಳ ಮೂತಿ ಒಳಗೆ ಹೊರಗೆ ತಿರುಗಿರುವ ಕೋನ, ತಪ್ಪಿದೆ. ಟೈರ್ ಉರುಳುವ ಬದಲು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತಿದೆ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿಸಿ ಅಲೈನ್‌ಮೆಂಟ್ ಮಾಡಿಸದೆ ಬಿಟ್ಟವರಲ್ಲಿ ಇದು ಸಾಮಾನ್ಯ.

ಫೋರ್ ವೀಲ್ ನಿಜವಾಗಿಯೂ ಬಿಟ್ಟಿದೆಯೇ?

ಪಾರ್ಟ್ ಟೈಮ್ ಫೋರ್ ವೀಲ್ ಗಾಡಿಯಲ್ಲಿ (ಬೇಕಾದಾಗ ಮಾತ್ರ ನಾಲ್ಕು ಚಕ್ರಕ್ಕೆ ಶಕ್ತಿ) ಟೂ ಹೈಗೆ, ಅಂದರೆ ಎರಡು ಚಕ್ರದ ಮಾಮೂಲಿ ಓಟಕ್ಕೆ, ಹಾಕಿದಾಗ ದೀಪ ಆರಿತು ಎಂದ ಮಾತ್ರಕ್ಕೆ ಮುಂದಿನ ಆಕ್ಸಲ್ ಬಿಡುಗಡೆಯಾಯಿತು ಎಂದಲ್ಲ. ಒಣಗಿದ ಡಾಂಬರಿನ ಮೇಲೆ, ನಡಿಗೆಯ ವೇಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಹಾಕಿ. ಗಾಡಿ ಕುಂಟಿದಂತೆ, ಬ್ರೇಕ್ ಹಿಡಿದಂತೆ ಎಳೆದರೆ ಮುಂದು ಹಿಂದುಗಳ ಆಕ್ಸಲ್ ಇನ್ನೂ ಒಟ್ಟಿಗೆ ಬಿಗಿದುಕೊಂಡಿವೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸಾಗಬೇಕು. ನಡುವೆ ಡಿಫರೆನ್ಶಿಯಲ್ ಇಲ್ಲದ ವ್ಯವಸ್ಥೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಶಿಫ್ಟ್ ಆಕ್ಚುಯೇಟರ್ ಮೋಟಾರ್ ಅಥವಾ ಅದರ ಸ್ವಿಚ್ ಸಿಕ್ಕಿಹಾಕಿಕೊಂಡಿರುತ್ತದೆ. ಇದು ಮೈಲೇಜ್ ಒಂದರ ಪ್ರಶ್ನೆಯಲ್ಲ, ಹಾಗೇ ಓಡಿಸಿದರೆ ಟ್ರಾನ್ಸ್‌ಫರ್ ಕೇಸ್‌ನ ಚೈನು, ಗೇರುಗಳೇ ಹೋಗುತ್ತವೆ.

ಹಬ್ ಲಾಕ್ (ಮುಂದಿನ ಚಕ್ರವನ್ನು ಆಕ್ಸಲ್ ಶಾಫ್ಟ್‌ಗೆ ಜೋಡಿಸುವ, ಬಿಡಿಸುವ ಕೊಂಡಿ) ಇರುವ ಗಾಡಿಯಲ್ಲಿ ಇನ್ನೊಂದು ನೋಟ. ಮುಂದಿನ ಎರಡೂ ಚಕ್ರ ಎತ್ತಿ, ಟೂ ಹೈನಲ್ಲಿ, ಹಬ್ ಫ್ರೀ ಇಟ್ಟು ಚಕ್ರ ತಿರುಗಿಸಿ. ಚಕ್ರದ ಜೊತೆ ಆಕ್ಸಲ್ ಶಾಫ್ಟ್ ತಿರುಗಬಾರದು. ತಿರುಗಿದರೆ ಹಬ್ ಬಿಟ್ಟಿಲ್ಲ. ಸುಜುಕಿ ಜಿಮ್ನಿಯಂತೆ ವ್ಯಾಕ್ಯೂಮ್‌ನಿಂದ ಕೆಲಸ ಮಾಡುವ ಹಬ್‌ಗಳಿದ್ದರೆ ತೆಳ್ಳನೆಯ ಕೊಳವೆಗಳನ್ನು ಉದ್ದಕ್ಕೂ ಬೆರಳಾಡಿಸಿ ನೋಡಿ, ಒಂದು ಕಡ್ಡಿ ಸಿಕ್ಕಿ ಹರಿದರೂ ಸಾಕು. ಹಾಗೆಂದು ಹಬ್ ಫ್ರೀ ಆದ ಕೂಡಲೇ ಮೈಲೇಜ್ ಹಾರುತ್ತದೆ ಎಂದು ಕಾಯಬೇಡಿ. ಟೂ ಹೈನಲ್ಲಿ ಹಬ್ ಮಾತ್ರ ಲಾಕ್ ಆಗಿದ್ದರೆ ಮುಂದಿನ ಶಾಫ್ಟ್‌ಗಳು ಸುಮ್ಮನೆ ತಿರುಗುತ್ತವೆ ಅಷ್ಟೇ, ನಷ್ಟ ಸಣ್ಣದು. ಇನ್ನು ಲಾಡಾ ನಿವಾ, ಹಳೆಯ ಡಿಫೆಂಡರ್‌ನಂತೆ ಸದಾ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಗಾಡಿಗಳಲ್ಲಿ ನೋಡಬೇಕಾದದ್ದು ಮುಂದು ಹಿಂದಿನ ಆಕ್ಸಲ್‌ಗಳ ನಡುವಿನ ಸೆಂಟರ್ ಡಿಫ್ ಲಾಕ್ ಬಿಟ್ಟಿದೆಯೇ, ನಾಲ್ಕೂ ಟೈರ್ ಒಂದೇ ಅಳತೆಯವೇ ಎನ್ನುವುದು.

ನೀರು ದಾಟಿ ಬಂದ ಮೇಲೆ ಡಿಫ್ ಆಯಿಲ್ ಹಾಲಿನಂತೆ ಬಿಳಿಚಿದ್ದರೆ ಬದಲಿಸಿ. ಹೊಸದನ್ನು ಹಾಕುವಾಗ ಗಾಡಿಯ ಕೈಪಿಡಿ ಹೇಳಿದ ದಪ್ಪವನ್ನೇ ಹಾಕಿ. 75ಡಬ್ಲ್ಯು-90 ಕೇಳುವ ಜಾಗಕ್ಕೆ 'ದಪ್ಪಗಿದ್ದರೆ ಒಳ್ಳೆಯದು' ಎಂದು 85ಡಬ್ಲ್ಯು-140 ಸುರಿದರೆ ಆಯಿಲ್ ಕಲಕುವುದಕ್ಕೇ ಇಂಧನ ಸುಡಬೇಕು.

ಹೆದ್ದಾರಿಯಲ್ಲಿ ಮಾತ್ರ ಕುಡಿಯುತ್ತಿದ್ದರೆ

ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 80ರಿಂದ 110ಕ್ಕೆ ಹೋದರೆ ತಡೆ ಸುಮಾರು 1.9 ಪಟ್ಟು. ಪೆಟ್ಟಿಗೆಯಂಥ ಗಾಡಿಗೆ, ಅದರ ಮೇಲೆ ರ‍್ಯಾಕ್, ರ‍್ಯಾಕಿನ ಮೇಲೆ ಟೆಂಟ್, ಮುಂದೆ ಅಡ್ಡಕ್ಕೆ ಲೈಟ್ ಬಾರ್. ಛಾವಣಿಯ ಮೇಲಿನ ಮೊಂಡು ಪೆಟ್ಟಿಗೆಯೊಂದೇ ಹೆದ್ದಾರಿಯ ವೇಗದಲ್ಲಿ, ಗಂಟೆಗೆ 105ರಿಂದ 120 ಕಿ.ಮೀ. ಹೋಗುವಾಗ, ಮೈಲೇಜನ್ನು ಶೇ 10ರಿಂದ 25ರವರೆಗೆ ಇಳಿಸಬಹುದು ಎನ್ನುತ್ತದೆ ಅಮೆರಿಕ ಸರ್ಕಾರದ ಮಾರ್ಗದರ್ಶಿ. ಭಾರಕ್ಕೆ ಅದೇ ಮಾರ್ಗದರ್ಶಿ ಕೊಡುವ ಲೆಕ್ಕ 45 ಕಿಲೋಗೆ ಶೇ 1ರಷ್ಟು. ಅಂದರೆ ಸಿಕ್ಕಿಬಿದ್ದ ಗಾಡಿ ಎಳೆಯುವ ಭಾರದ ವಿಂಚ್ ಬಿಚ್ಚುವುದಕ್ಕಿಂತ ರ‍್ಯಾಕ್ ಇಳಿಸುವುದು ಎಷ್ಟೋ ಲಾಭ. ಬಿಚ್ಚಿ, ಒಂದು ಟ್ಯಾಂಕ್ ಓಡಿಸಿ ನೋಡಿ.

ಆಟೊಮ್ಯಾಟಿಕ್ ಗಾಡಿಯವರು ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಲಾಕ್ ಆಗಿ ನೇರ ಜೋಡಣೆಯಾಗುತ್ತಿದೆಯೇ ನೋಡಬೇಕು. ಬಿಸಿಯಾದ ಗಾಡಿಯನ್ನು ಸಮತಟ್ಟಿನಲ್ಲಿ 80ರಲ್ಲಿ ಸ್ಥಿರವಾಗಿ ಓಡಿಸುತ್ತ, ಆಕ್ಸಲರೇಟರ್ ಅಲುಗಿಸದೆ, ಹಿಂದೆ ಯಾರೂ ಇಲ್ಲದಾಗ ಎಡಗಾಲಿನಿಂದ ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟೇ ತಾಗಿಸಿ. ಟ್ಯಾಕೋಮೀಟರ್ ಮುಳ್ಳು ಇನ್ನೂರು ಆರ್‌ಪಿಎಂನಷ್ಟು ಮೇಲೆ ಜಿಗಿದು, ಕಾಲು ತೆಗೆದಾಗ ಇಳಿದರೆ ಲಾಕ್ ಕೆಲಸ ಮಾಡುತ್ತಿದೆ. ಮುಳ್ಳು ಕದಲದಿದ್ದರೆ ಅದು ಮೊದಲೇ ಲಾಕ್ ಆಗಿರಲಿಲ್ಲ, ಎಂಜಿನ್ನಿನ ಶ್ರಮದ ಒಂದು ಪಾಲು ಗೇರ್‌ಬಾಕ್ಸ್ ಆಯಿಲನ್ನು ಕಾಯಿಸುವುದಕ್ಕೇ ಹೋಗುತ್ತಿದೆ. ಗೇರ್‌ಬಾಕ್ಸ್ ಬಿಚ್ಚಿಸಲು ಓಡಬೇಡಿ, ಮುಂದಿನ ಮಾತು ಓದಿ.

ಕೊನೆಗೆ ಬಾನೆಟ್

ನನ್ನ ಮಟ್ಟಿಗೆ ಇಲ್ಲಿ ಮೊದಲ ಸ್ಥಾನ ಥರ್ಮೋಸ್ಟಾಟ್‌ಗೆ, ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ವಾಲ್ವ್‌ಗೆ. ಅದು ತೆರೆದೇ ಉಳಿದುಬಿಟ್ಟರೆ ಎಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಕಂಪ್ಯೂಟರ್ 'ಇನ್ನೂ ತಣ್ಣಗಿದೆ' ಎಂದುಕೊಂಡು ಹೆಚ್ಚು ಇಂಧನ ಹಾಕುತ್ತಲೇ ಇರುತ್ತದೆ, ಎಷ್ಟೋ ಗಾಡಿಗಳಲ್ಲಿ ಟಾರ್ಕ್ ಕನ್ವರ್ಟರ್ ಲಾಕ್‌ಗೂ ಅನುಮತಿ ಕೊಡುವುದಿಲ್ಲ. ಬೆಳಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಮೇಲೆ ಕೈಯಿಡಿ, ಫ್ಯಾನ್‌ನಿಂದ ದೂರ. ಹಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಒಮ್ಮೆಲೇ ಬಿಸಿ ಬರಬೇಕು. ಮೊದಲ ನಿಮಿಷದಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ಥರ್ಮೋಸ್ಟಾಟ್ ಮುಚ್ಚುತ್ತಿಲ್ಲ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇದ್ದರೆ, ಎಂಜಿನ್ ಸಾಕಷ್ಟು ಬಿಸಿಯಾಗಿಲ್ಲ ಎನ್ನುವ ಪಿ0128 ಕೋಡ್ ಸಿಗಬಹುದು. ಡ್ಯಾಶ್‌ಬೋರ್ಡಿನ ಮುಳ್ಳು ನಡುವಿನಲ್ಲೇ ನಿಂತಿದೆ ಎಂದು ನಿಶ್ಚಿಂತರಾಗಬೇಡಿ. ಸುಮಾರು 80ರಿಂದ 100 ಡಿಗ್ರಿವರೆಗೆ ಏನೇ ಇದ್ದರೂ ನಡುವೆಯೇ ನಿಲ್ಲುವಂತೆ ಹಲವು ಮುಳ್ಳುಗಳನ್ನು ಮಾಡಿರುತ್ತಾರೆ.

ಉದ್ದುದ್ದ ಜೋಡಿಸಿದ ಎಂಜಿನ್‌ಗಳಲ್ಲಿ ಬೆಲ್ಟ್‌ನಿಂದ ತಿರುಗುವ ವಿಸ್ಕಸ್ ಫ್ಯಾನ್ (ಬಿಸಿಯಾದಾಗ ಮಾತ್ರ ಕ್ಲಚ್ ಬಿಗಿದು ಜೋರಾಗಿ ತಿರುಗುವಂಥದು) ಇದ್ದರೆ, ಗಾಡಿ ಲಾರಿಯಂತೆ ಸದಾ ಮೊರೆಯುತ್ತಿದೆಯೇ ಗಮನಿಸಿ. ಅದರ ಕ್ಲಚ್ ಬಿಗಿದು ನಿಂತಿರಬಹುದು.

ಏರ್ ಫಿಲ್ಟರ್ ಬಗ್ಗೆ ಒಂದು ಮಾತು, ಬಹಳ ಜನ ಒಪ್ಪುವುದಿಲ್ಲ. ಇಂಧನ ಇಂಜೆಕ್ಷನ್ ಇರುವ ಪೆಟ್ರೋಲ್ ಗಾಡಿಯಲ್ಲಿ ಕಟ್ಟಿಕೊಂಡ ಫಿಲ್ಟರ್‌ನಿಂದ ಮೈಲೇಜ್ ಹೇಳಿಕೊಳ್ಳುವಷ್ಟು ಬೀಳುವುದಿಲ್ಲ, ಎಳೆತ ಮಾತ್ರ ಕಡಿಮೆಯಾಗುತ್ತದೆ. 2009ರಲ್ಲಿ ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ ಪರೀಕ್ಷಿಸಿ ಕಂಡದ್ದೂ ಇದನ್ನೇ. ಗಾಳಿ ಕಡಿಮೆ ಬಂದರೆ ಕಂಪ್ಯೂಟರ್ ಇಂಧನವನ್ನೂ ಅಷ್ಟೇ ಕಡಿಮೆ ಹಾಕುತ್ತದೆ. ಕಾರ್ಬ್ಯುರೇಟರ್ ಗಾಡಿಯ ವಿಷಯ ಬೇರೆ. ಫಿಲ್ಟರ್ ಬದಲಿಸಿ, ಧೂಳಿನ ಗಾಡಿಗೆ ಅದು ಬೇಕೇ ಬೇಕು. ಮೈಲೇಜ್ ಸಿಗುತ್ತದೆ ಎಂದು ಬದಲಿಸಬೇಡಿ.

ಪೆಟ್ರೋಲ್ ಗಾಡಿಗೆ ಸ್ಕ್ಯಾನರ್ ಹಾಕಿದಾಗ ನೋಡಬೇಕಾದ ಅಂಕಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್, ಅಂದರೆ ಕಂಪ್ಯೂಟರ್ ಇಂಧನವನ್ನು ಶೇಕಡಾ ಎಷ್ಟು ಹೆಚ್ಚಿಸಿದೆ, ಕಡಿಮೆ ಮಾಡಿದೆ ಎಂಬುದು. ಪ್ಲಸ್ ಮೈನಸ್ 10ರೊಳಗಿದ್ದರೆ ಚಿಂತೆಯಿಲ್ಲ. ದೊಡ್ಡ ಮೈನಸ್ ಅಂದರೆ ಎಲ್ಲಿಂದಲೋ ಇಂಧನ ಹೆಚ್ಚು ಸೇರುತ್ತಿದೆ, ಕಂಪ್ಯೂಟರ್ ಕಡಿತ ಮಾಡುತ್ತಿದೆ: ಸೋರುವ ಇಂಜೆಕ್ಟರ್, ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಎಂಜಿನ್‌ಗೆ ಬಿಡುವ, ಮುಚ್ಚದ ಪರ್ಜ್ ವಾಲ್ವ್. ದೊಡ್ಡ ಪ್ಲಸ್ ಇದ್ದರೆ ಆಕ್ಸಿಜನ್ ಸೆನ್ಸರ್ ಬದಲಿಸುವ ಮೊದಲು ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಬರುವ ಮೊದಲ ಕೊಳವೆ) ನೋಡಿ. ಸೆನ್ಸರ್‌ಗಿಂತ ಮುಂಚೆ ಕೂದಲೆಳೆಯ ಬಿರುಕಿದ್ದರೂ ಹೊರಗಿನ ಗಾಳಿ ಒಳಸೇರಿ, 'ಇಂಧನ ಸಾಲದು' ಎಂದು ಸೆನ್ಸರ್ ಸುಳ್ಳು ಹೇಳುತ್ತದೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು, ಅಲ್ಲೇ ಕಪ್ಪು ಮಸಿ ಇದರ ಗುರುತು.

ಡೀಸೆಲ್‌ನಲ್ಲಿ ಏರು ಹತ್ತುವಾಗ ಕಪ್ಪು ಹೊಗೆ, ಜೊತೆಗೆ ಎಳೆತವಿಲ್ಲ ಅಂದರೆ ಇಂಟರ್‌ಕೂಲರ್ ಹೋಸ್‌ಗಳ ಜೋಡಣೆಗಳಲ್ಲಿ ಆಯಿಲ್ ಜಿಡ್ಡು ಹುಡುಕಿ, ಟರ್ಬೊ ಗಾಳಿ ಅಲ್ಲಿಂದ ಸೋರುತ್ತಿದೆ. ಡಿಪಿಎಫ್ (ಡೀಸೆಲ್ ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯನ್ನು ಬರೀ ಐದಾರು ಕಿ.ಮೀ. ಓಡಾಟಕ್ಕೆ ಬಳಸಿದರೆ ಮಸಿ ಸುಡುವ ರೀಜನರೇಷನ್ ಪದೇ ಪದೇ ಶುರುವಾಗಿ ಅರ್ಧಕ್ಕೇ ನಿಲ್ಲುತ್ತದೆ. ಪ್ರತಿ ಸಲವೂ ಹೆಚ್ಚುವರಿ ಡೀಸೆಲ್, ಅದರಲ್ಲಿ ಸುಡದೆ ಉಳಿದದ್ದು ಎಂಜಿನ್ ಆಯಿಲ್‌ಗೂ ಸೇರಬಹುದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ತಾನಾಗಿ ಏರುತ್ತಿದ್ದು ಡೀಸೆಲ್ ವಾಸನೆ ಬಂದರೆ ಓಡಿಸುವುದನ್ನು ನಿಲ್ಲಿಸಿ ಆಯಿಲ್ ಬದಲಿಸಿ.

ಇಂಧನವೂ ಬದಲಾಗಿರಬಹುದು. ಎಥೆನಾಲ್‌ನಲ್ಲಿ ಅಷ್ಟೇ ಗಾತ್ರದ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಶೇ 10 ಬೆರೆಸಿದ್ದರೆ ಮೈಲೇಜ್ ಶೇ 3ರಷ್ಟು, ಶೇ 20 ಬೆರೆಸಿದ್ದರೆ ಲೆಕ್ಕದ ಪ್ರಕಾರ ಶೇ 6–7ರಷ್ಟು ಇಳಿಯುವುದು ಸಹಜ. ಯಾವ ಮೆಕ್ಯಾನಿಕ್ ಕೈಯಲ್ಲೂ ಅದಕ್ಕೆ ಮದ್ದಿಲ್ಲ.

ಏನೇ ಸರಿಮಾಡಿದರೂ ಒಂದು ಸಲಕ್ಕೆ ಒಂದನ್ನೇ ಮಾಡಿ, ಎರಡು ಟ್ಯಾಂಕ್ ಓಡಿಸಿ, ಆಮೇಲೆ ಮುಂದಿನದು. ನಾನು ಆ ಕ್ಯಾಲಿಪರ್ ಪಿನ್ ಬದಲಿಸಿದ ದಿನವೇ ಉತ್ಸಾಹದಲ್ಲಿ ರ‍್ಯಾಕನ್ನೂ ಇಳಿಸಿಬಿಟ್ಟೆ. ಲೀಟರ್‌ಗೆ 8.1 ಇದ್ದದ್ದು 9.2ಕ್ಕೆ ಬಂತು. ಅದರಲ್ಲಿ ಪಿನ್ ಪಾಲೆಷ್ಟು, ರ‍್ಯಾಕ್ ಪಾಲೆಷ್ಟು ಎಂದು ಇವತ್ತಿಗೂ ಹೇಳಲಾರೆ, ರ‍್ಯಾಕ್ ಮಾತ್ರ ಇನ್ನೂ ಗೋಡೆಗೆ ಒರಗಿಕೊಂಡೇ ಇದೆ.